ಅವ್ವನ ಕಣ್ಣಿನ ಪೊರೆಗೆ ವಯಸ್ಸೊಂದೇ ಕಾರಣವಲ್ಲ

"ವಯಸ್ಸಾಯ್ತಲ್ಲವ್ವ, ಪೊರೆ ಬಂದಿರ್ತದೆ ಬುಡು." ಮಂಡ್ಯ ಕಡೆಯ ಹಳ್ಳಿಗಳಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕಣ್ಣು ಮಂಜಾಗುತ್ತಿದೆ ಎಂದರೆ ಮನೆಯವರು ಮೊದಲು ಹೇಳುವ ಮಾತು ಇದು. ಮೈಸೂರಿನ ಮನೆಗಳಲ್ಲೂ ಹೆಚ್ಚು ಕಡಿಮೆ ಇದೇ ಉತ್ತರ. ಮಾತು ಸುಳ್ಳಲ್ಲ. ಪೊರೆಗೆ ವಯಸ್ಸೇ ದೊಡ್ಡ ಕಾರಣ. ಆದರೆ ಒಂದೇ ಬೀದಿಯ, ಒಂದೇ ವಯಸ್ಸಿನ ಇಬ್ಬರನ್ನು ನೋಡಿ. ಒಬ್ಬರಿಗೆ ಐವತ್ತೈದಕ್ಕೇ ಎದುರು ಬಂದವರ ಮುಖ ಗೊತ್ತಾಗುವುದಿಲ್ಲ. ಇನ್ನೊಬ್ಬರು ಎಪ್ಪತ್ತರಲ್ಲೂ ದೂರದಿಂದಲೇ ಬಸ್ಸಿನ ಬೋರ್ಡು ಓದುತ್ತಾರೆ. ಯಾಕೆ?

ಇದಕ್ಕೆ ಉತ್ತರ ಹುಟ್ಟಿದ ತಾರೀಕಿನಲ್ಲಿ ಸಿಗುವುದಿಲ್ಲ. ಎಷ್ಟು ವರ್ಷ ಯಾವ ಒಲೆಯ ಮುಂದೆ ಕೂತರು, ಬಸುರಿನಲ್ಲಿ ಸಕ್ಕರೆ ಏರಿತ್ತಾ, ಮುಟ್ಟು ಯಾವಾಗ ನಿಂತಿತು, ಮಂಡಿನೋವಿಗೆ ಏನು ನುಂಗಿದರು, ಎಷ್ಟು ಮಳೆಗಾಲ ಗದ್ದೆಯಲ್ಲಿ ನಾಟಿ ಹಾಕಿದರು ಎಂದು ಕೇಳಬೇಕು. ಅಜ್ಜಿಯ ಪೊರೆ ಅರವತ್ತಕ್ಕೆ ಶುರುವಾಗುವುದಲ್ಲ. ಅದರ ಕೆಲಸ ಅವರ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ನಡೆಯುತ್ತಿರುತ್ತದೆ. ಹೀಗೆ ನೋಡಿದರೆ ಅಜ್ಜಿಗೂ ಒಳ್ಳೆಯದು, ಮಗಳಿಗೂ ಸೊಸೆಗೂ ಇನ್ನೂ ಒಳ್ಳೆಯದು.

ಭಾರತದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, 50 ದಾಟಿದವರಲ್ಲಿ ಕುರುಡುತನಕ್ಕೆ ಅತಿ ದೊಡ್ಡ ಕಾರಣ ಪೊರೆಯೇ. ಅಂಥ 100 ಪ್ರಕರಣಗಳಲ್ಲಿ ಸುಮಾರು 66ಕ್ಕೆ ಅದೇ ಮೂಲ. ಕುರುಡುತನ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ ಕಂಡುಬಂದಿದೆ. ಒಂದು ಸಣ್ಣ ಆಪರೇಷನ್ನಿನಿಂದ ಸರಿಹೋಗುವ ತೊಂದರೆಗೆ ಇಷ್ಟು ಜನ ದೃಷ್ಟಿ ಕಳೆದುಕೊಂಡು ಕೂತಿದ್ದಾರೆ ಅಂದರೆ ಸಂಕಟವಾಗುತ್ತದೆ.

ಕಣ್ಣೊಳಗೆ ಆಗುವುದೇನು

ಪೊರೆ ಕಣ್ಣಿನ ಮೇಲೆ ಬೆಳೆಯುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಇರುವುದು ಒಳಗೆ. ಕಣ್ಣಿನ ಕಪ್ಪು ಭಾಗದ ನಡುವೆ ಕಾಣುವ ಪಾಪೆಯ ಹಿಂದೆ ಒಂದು ಪುಟ್ಟ ಪಾರದರ್ಶಕ ಮಸೂರ ಇದೆ. ಅಗಲ 9–10 ಮಿಲಿಮೀಟರ್, ದಪ್ಪ ಸುಮಾರು 4 ಮಿಲಿಮೀಟರ್. ಅದರಲ್ಲಿ ಮೂರನೇ ಒಂದು ಪಾಲು ಪ್ರೋಟೀನ್, ಉಳಿದದ್ದು ಹೆಚ್ಚೂ ಕಡಿಮೆ ನೀರು. ರಕ್ತನಾಳ ಒಂದೂ ಇಲ್ಲ. ಇದ್ದರೆ ಬೆಳಕು ಸಲೀಸಾಗಿ ಹಾದುಹೋಗುತ್ತಿರಲಿಲ್ಲ.

ಈ ಮಸೂರಕ್ಕೆ ಒಂದು ವಿಶೇಷವಿದೆ. ಚರ್ಮದಲ್ಲಿ ಹಳೆಯ ಕೋಶ ಉದುರಿ ಹೊಸದು ಬರುತ್ತದೆ. ಮಸೂರದಲ್ಲಿ ಹಾಗಿಲ್ಲ. ಹೊಸ ಪದರ ಹೊರಗಡೆ ಸೇರುತ್ತದೆ, ಹಳೆಯದು ನಡುವಿಗೆ ಒತ್ತಿಕೊಂಡು ಅಲ್ಲೇ ಉಳಿಯುತ್ತದೆ. ಎಪ್ಪತ್ತರ ಅಜ್ಜಿಯ ಮಸೂರದ ನಟ್ಟನಡುವೆ ಇರುವ ಪ್ರೋಟೀನು ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದು. ಹಾಳಾದರೆ ಬದಲಿ ಇಲ್ಲ.

ಅದನ್ನು ಕಾಪಾಡಲು ದೇಹ ಒಂದಷ್ಟು ವ್ಯವಸ್ಥೆ ಮಾಡಿದೆ. ಆಲ್ಫಾ ಕ್ರಿಸ್ಟಲಿನ್ ಎಂಬ ಪ್ರೋಟೀನು ತನ್ನ ಜೊತೆಯ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ವಿಟಮಿನ್ ಸಿ ಮತ್ತು ಗ್ಲೂಟಾಥಯೋನ್ ಎಂಬ ವಸ್ತುಗಳು ಹಾನಿ ತಡೆಯುತ್ತವೆ. ವಯಸ್ಸಾದಂತೆ ಈ ಕಾವಲು ಸವೆಯುತ್ತದೆ. ಪ್ರೋಟೀನುಗಳು ಮುದ್ದೆಗಟ್ಟುತ್ತವೆ, ಬೆಳಕು ಚದುರುತ್ತದೆ. ಹಸಿ ಮೊಟ್ಟೆಯ ತಿಳಿ ಲೋಳೆ ಬಿಸಿಗೆ ಬೆಳ್ಳಗಾಗಿ ಗಟ್ಟಿಯಾಗುತ್ತದಲ್ಲ, ಒಳಗೆ ನಡೆಯುವುದೂ ಸುಮಾರು ಅದೇ. ವ್ಯತ್ಯಾಸ ಇಷ್ಟೇ, ಇಲ್ಲಿ ಬೇಯಲು ಹತ್ತಾರು ವರ್ಷ ಹಿಡಿಯುತ್ತದೆ. ಬೆಂದ ಮೊಟ್ಟೆ ಮತ್ತೆ ತಿಳಿಯಾಗುವುದಿಲ್ಲ, ಮಂಜಾದ ಮಸೂರವೂ ಅಷ್ಟೇ. ಅದಕ್ಕೇ ಪೊರೆ ಕರಗಿಸುವ ಡ್ರಾಪ್ಸ್ ಆಗಲಿ ಮಾತ್ರೆಯಾಗಲಿ ಇಲ್ಲ.

ಮಂಜಾಗುವುದು ಎಲ್ಲರಲ್ಲೂ ಒಂದೇ ಜಾಗದಲ್ಲಲ್ಲ. ನಡುಭಾಗ ಹಳದಿಯಾಗಿ ಗಟ್ಟಿಯಾಗುವುದು ಒಂದು ಬಗೆ. ಅಂಚಿನಿಂದ ಒಳಕ್ಕೆ ಬಿಳಿ ಗೆರೆಗಳು ಬರುವುದು ಇನ್ನೊಂದು. ಮಸೂರದ ಹಿಂಬದಿಯಲ್ಲಿ ಮಚ್ಚೆಯಂತೆ ಕೂರುವುದು ಮೂರನೆಯದು. ಯಾವ ಕಾರಣದಿಂದ ಯಾವ ಬಗೆ ಬರುತ್ತದೆ ಎಂಬುದು ಮುಂದೆ ಉಪಯೋಗಕ್ಕೆ ಬರುತ್ತದೆ.

ಹೆಂಗಸರಿಗೇ ಯಾಕೆ ಜಾಸ್ತಿ

ಹೆಂಗಸರು ಹೆಚ್ಚು ವರ್ಷ ಬದುಕುತ್ತಾರೆ, ಹಾಗಾಗಿ ಪೊರೆ ಜಾಸ್ತಿ ಕಾಣುತ್ತದೆ. ಇದು ನಿಜ. ಆದರೆ ಒಂದೇ ವಯಸ್ಸಿನವರನ್ನು ಹೋಲಿಸಿದ ಅನೇಕ ಅಧ್ಯಯನಗಳಲ್ಲೂ ಹೆಂಗಸರಲ್ಲೇ ಪೊರೆ ಹೆಚ್ಚು ಕಂಡಿದೆ.

ಒಂದು ಕಾರಣ ಈಸ್ಟ್ರೋಜನ್ ಹಾರ್ಮೋನು ಇರಬಹುದು ಎಂದು ವಿಜ್ಞಾನಿಗಳು ನೋಡುತ್ತಾ ಬಂದಿದ್ದಾರೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಮಸೂರವನ್ನು ಸ್ವಲ್ಪ ಕಾಪಾಡಿದೆ. ಮುಟ್ಟು ನಿಂತ ಮೇಲೆ ಈ ಹಾರ್ಮೋನು ತಗ್ಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೇ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಹತ್ತಿರ. ಗರ್ಭಕೋಶದ ಆಪರೇಷನ್ನಿನಲ್ಲಿ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂವತ್ತೈದಕ್ಕೋ ನಲವತ್ತಕ್ಕೋ ಈಸ್ಟ್ರೋಜನ್ ಒಮ್ಮೆಲೇ ಇಳಿಯುತ್ತದೆ. ಹಾಗೆಂದು ಕಣ್ಣಿಗೋಸ್ಕರ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳಲು ಯಾರೂ ಹೇಳುವುದಿಲ್ಲ. ಮನುಷ್ಯರಲ್ಲಿ ನಡೆದ ಅಧ್ಯಯನಗಳು ಕೆಲವು ಲಾಭ ತೋರಿಸಿವೆ, ಕೆಲವು ಉಲ್ಟಾ ತೋರಿಸಿವೆ. ಇದರಿಂದ ಹೊರಡುವ ಪಾಠ ಸರಳವಾಗಿದೆ. ಬೇಗ ಮುಟ್ಟು ನಿಂತವರು, ಅಂಡಾಶಯ ತೆಗೆಸಿದವರು ಕಣ್ಣಿನ ಪರೀಕ್ಷೆಯನ್ನು ಅರವತ್ತರವರೆಗೆ ಮುಂದೂಡಬಾರದು. ಅಗತ್ಯವಿಲ್ಲದೆ ಗರ್ಭಕೋಶ ತೆಗೆಸುವ ಮುಂಚೆ ಎರಡನೇ ಡಾಕ್ಟರ ಮಾತು ಕೇಳಬೇಕು, ಇದು ಕಣ್ಣಿನ ವಿಷಯಕ್ಕೆ ಮಾತ್ರ ಹೇಳುವ ಮಾತಲ್ಲ.

ಹಾರ್ಮೋನಿನ ಪಾತ್ರಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಹೆಂಗಸರು ಮಾಡಿಕೊಂಡು ಬಂದ ಕೆಲಸ.

ಒಲೆ

ಇವತ್ತು ಅರವತ್ತೈದು ಆಗಿರುವ ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ. ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಹುಟ್ಟಿದವರು. ಹದಿನಾರು ಹದಿನೇಳಕ್ಕೆ ಮದುವೆ. ಅಂದಿನಿಂದ ದಿನಕ್ಕೆ ಎರಡು ಹೊತ್ತು ಸೌದೆ ಒಲೆ. ತೆಂಗಿನ ಗರಿ, ಮಟ್ಟೆ, ಜಾಲಿ ಸೌದೆ, ಬೆರಣಿ, ಹೊಲದಲ್ಲಿ ಏನು ಸಿಕ್ಕಿತೋ ಅದು. ಮಳೆಗಾಲದಲ್ಲಿ ಸೌದೆ ಹಸಿ, ಊದುಕೊಳವೆ ಹಿಡಿದು ಒಲೆಗೆ ಮುಖ ಕೊಟ್ಟು ಊದಬೇಕು. ಮುದ್ದೆ ತಿರುವುವಾಗಲೂ ಮುಖ ಹೊಗೆಯ ಮೇಲೇ. ಅಡಿಗೆ ಮನೆಗೆ ಒಂದು ಚಿಕ್ಕ ಕಿಟಕಿ, ಇಲ್ಲವೇ ಹೆಂಚಿನ ಸಂದು.

ಹೊಗೆಯಿಂದ ಕಣ್ಣು ಉರಿದು ನೀರು ಬರುವುದು ಎಲ್ಲರಿಗೂ ಗೊತ್ತು. ಆದರೆ ಮಸೂರಕ್ಕೆ ತಲುಪುವ ಹಾನಿ ಮುಖ್ಯವಾಗಿ ಶ್ವಾಸಕೋಶದ ದಾರಿಯಲ್ಲಿ ಬರುತ್ತದೆ. ಉಸಿರಾಡಿದ ಹೊಗೆಯ ವಿಷವಸ್ತುಗಳು ರಕ್ತಕ್ಕೆ ಸೇರಿ, ಅಲ್ಲಿಂದ ಕಣ್ಣಿನ ಒಳನೀರಿಗೆ, ಅಲ್ಲಿಂದ ಮಸೂರಕ್ಕೆ. ಬೀಡಿ ಸಿಗರೇಟು ಸೇದುವವರಿಗೆ ಪೊರೆ ಬೇಗ ಬರುವುದು ಇದೇ ದಾರಿಯಲ್ಲಿ. ಸೌದೆಯ ಹೊಗೆಯ ಸಾರವನ್ನು ಇಲಿಗಳ ಮಸೂರದ ಮೇಲೆ ಪ್ರಯೋಗಿಸಿದಾಗಲೂ ಇಂಥದೇ ಹಾನಿ ಕಂಡಿದೆ.

ನೇಪಾಳ ಮತ್ತು ಭಾರತದ ಗಡಿಭಾಗದ ಹೆಂಗಸರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಗೆ ಕೊಳವೆ ಇಲ್ಲದ ಸೌದೆ ಒಲೆಯಲ್ಲಿ ಅಡಿಗೆ ಮಾಡುವವರಿಗೆ ಪೊರೆಯ ಅಪಾಯ, ಹೊಗೆಯಿಲ್ಲದ ಇಂಧನ ಬಳಸುವವರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಇತ್ತು. ಗಾಳಿಯಾಡದ ಅಡಿಗೆ ಮನೆ ಕೂಡ ತನ್ನಷ್ಟಕ್ಕೇ ಒಂದು ಕಾರಣ ಎಂದು ಅದರಲ್ಲಿ ಕಂಡುಬಂತು. ಮನೆಯೊಳಗಿನ ಹೊಗೆ ಮತ್ತು ಪೊರೆಯ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

"ಈಗ ಗ್ಯಾಸ್ ಬಂದಿದೆಯಲ್ಲ" ಅಂತ ನೀವು ಹೇಳಬಹುದು. ಬಂದಿದೆ. ಉಜ್ವಲ ಯೋಜನೆ ಶುರುವಾದದ್ದು 2016ರಲ್ಲಿ. ಆದರೆ ಅದಕ್ಕೂ ಹಿಂದಿನ ಮೂವತ್ತು, ನಲವತ್ತು ವರ್ಷದ ಹೊಗೆ ಆ ಹೆಂಗಸಿನ ಕಣ್ಣಿಗೆ ಆಗಲೇ ತಗುಲಿದೆ. ಇನ್ನೊಂದು ಮಾತು. ಅಡಿಗೆ ಗ್ಯಾಸಿಗೆ ಬದಲಾದರೂ ಬಚ್ಚಲಿನ ಹಂಡೆ ಒಲೆ ಬದಲಾಗಿಲ್ಲ. ಸ್ನಾನದ ನೀರು ಕಾಯಿಸಲು, ದನಕ್ಕೆ ಬೇಯಿಸಲು, ಹಬ್ಬಕ್ಕೆ ದೊಡ್ಡ ಪಾತ್ರೆ ಏರಿಸಲು ಸೌದೆಯೇ. ಸಿಲಿಂಡರ್ ಬೇಗ ಖಾಲಿಯಾಗದಿರಲಿ ಎಂದು ಉರಿ ಹಾಕುವವರು ಅಜ್ಜಿಯೇ. ಮನೆಯಲ್ಲಿ ಗ್ಯಾಸ್ ಇದೆಯಾ ಎಂದು ಕೇಳಿದರೆ ಸಾಲದು, ಬಚ್ಚಲ ಒಲೆ ಯಾರು ಹಚ್ಚುತ್ತಾರೆ ಎಂದೂ ಕೇಳಿ. ಆ ಒಲೆಗೆ ಮೇಲೆ ಹೋಗುವ ಹೊಗೆ ಕೊಳವೆ ಹಾಕಿಸುವುದು, ಬೆಂಕಿ ಹಾಕುವ ಬಾಯಿಯನ್ನು ಮನೆಯ ಹೊರಗಡೆಗೆ ತಿರುಗಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಬಿಸಿಲು

ಸೂರ್ಯನ ಅತಿನೇರಳೆ ಕಿರಣಗಳು ಮಸೂರದ ಪ್ರೋಟೀನನ್ನು ನೇರವಾಗಿ ಕೆಡಿಸುತ್ತವೆ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಮೀನು, ಏಡಿ ಹಿಡಿದು ಬದುಕುವ 838 ಜನರ ಕಣ್ಣು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಸಾಕ್ಷಿ. ಬಿಸಿಲಿಗೆ ಹೆಚ್ಚು ಒಡ್ಡಿಕೊಂಡವರಲ್ಲಿ ಅಂಚಿನಿಂದ ಬರುವ ಬಗೆಯ ಪೊರೆ ಹೆಚ್ಚಿತ್ತು. ಅವರು ಗಂಡಸರು, ದೋಣಿಯಲ್ಲಿ ದುಡಿಯುವವರು. ನಮ್ಮ ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಗದ್ದೆಗಳಲ್ಲಿ ನಾಟಿ ಹಾಕುವವರು, ಕಳೆ ಕೀಳುವವರು ಬಹುಪಾಲು ಹೆಂಗಸರೇ ಅಲ್ವಾ? ತಲೆಯ ಮೇಲೆ ಸೆರಗು ಹೊದ್ದರೆ ನೆತ್ತಿಗೆ ನೆರಳು, ಕಣ್ಣಿಗೆ ಇಲ್ಲ. ಅಗಲ ಅಂಚಿನ ಟೋಪಿಯೊಂದೇ ಕಣ್ಣಿಗೆ ಬೀಳುವ ಕಿರಣವನ್ನು ಬಹಳಷ್ಟು ತಗ್ಗಿಸುತ್ತದೆ. ಪವರ್ ಇರುವ ಸಾಮಾನ್ಯ ಪ್ಲಾಸ್ಟಿಕ್ ಕನ್ನಡಕವೂ ಸಾಕಷ್ಟು ತಡೆಯುತ್ತದೆ. ಕೂಲಿಗೆ ಹೋಗುವ ಹೆಂಗಸು ಟೋಪಿ ಹಾಕಿಕೊಂಡರೆ ನಗುವವರು ಇರುತ್ತಾರೆ. ಒಬ್ಬರು ಹಾಕಿದರೆ ನಗುತ್ತಾರೆ, ತಂಡದವರೆಲ್ಲ ಹಾಕಿದರೆ ನಗುವವರು ಇರುವುದಿಲ್ಲ.

ಬಸುರಿನ ಸಕ್ಕರೆ

ಸಕ್ಕರೆ ಕಾಯಿಲೆ ಇದ್ದವರಿಗೆ ಪೊರೆ ಬೇಗ ಬರುತ್ತದೆ, ಜಾಸ್ತಿ ಜನರಿಗೆ ಬರುತ್ತದೆ. ಮಸೂರದೊಳಗೆ ಸಕ್ಕರೆ ಹೋಗಲು ಇನ್ಸುಲಿನ್ ಬೇಕಿಲ್ಲ. ರಕ್ತದಲ್ಲಿ ಏರಿದರೆ ಅಲ್ಲೂ ಏರುತ್ತದೆ. ಹೆಚ್ಚಾದ ಸಕ್ಕರೆ ಸಾರ್ಬಿಟಾಲ್ ಎಂಬ ವಸ್ತುವಾಗುತ್ತದೆ. ಅದು ಸುಲಭವಾಗಿ ಹೊರಗೆ ಬರುವುದಿಲ್ಲ, ನೀರನ್ನು ಎಳೆದುಕೊಂಡು ಮಸೂರ ಊದುವಂತೆ ಮಾಡುತ್ತದೆ. ಜೊತೆಗೆ ಸಕ್ಕರೆ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕಂದಾಗಿಸುತ್ತದೆ. ಸಕ್ಕರೆ ಏರಿಳಿಯುವಾಗ ಕನ್ನಡಕದ ನಂಬರೂ ಏರಿಳಿಯುವುದು ಇದೇ ಕಾರಣಕ್ಕೆ. ಆ ಸಮಯದಲ್ಲಿ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಸಕ್ಕರೆ ಕೆಲವು ವಾರ ಹಿಡಿತದಲ್ಲಿದ್ದ ಮೇಲೆ ಮಾಡಿಸಿ.

ಹೆಂಗಸರ ವಿಷಯದಲ್ಲಿ ಇದಕ್ಕೊಂದು ಹಳೆಯ ಬೇರು ಇದೆ, ಮತ್ತು ಅದನ್ನು ತೋರಿಸಿಕೊಟ್ಟ ಕೆಲಸ ನಮ್ಮ ಮೈಸೂರಿನಲ್ಲೇ ನಡೆದದ್ದು. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1930ರ ದಶಕದಿಂದಲೂ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಅವುಗಳ ಮೇಲೆ ನಿಂತ ಸಂಶೋಧನೆ ಜಗತ್ತಿನಾದ್ಯಂತ ಹೆಸರು ಪಡೆಯಿತು. 1990ರ ದಶಕದ ಕೊನೆಯಲ್ಲಿ ಅಲ್ಲಿ ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿ, ಐದು ವರ್ಷದ ನಂತರ ಅದೇ ತಾಯಂದಿರನ್ನು ಮತ್ತೆ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಏರಿದ್ದವರಲ್ಲಿ 100ಕ್ಕೆ 37 ಜನರಿಗೆ ಅಷ್ಟರಲ್ಲೇ ಡಯಾಬಿಟೀಸ್ ಬಂದಿತ್ತು. ಏರದೆ ಇದ್ದವರಲ್ಲಿ 100ಕ್ಕೆ 2 ಮಾತ್ರ.

ಇದು ಕಣ್ಣಿನ ಅಧ್ಯಯನವಲ್ಲ. ಆದರೂ ಲೆಕ್ಕ ಹಾಕಿ. ಇಪ್ಪತ್ತೈದಕ್ಕೆ ಬಸುರಿನ ಸಕ್ಕರೆ, ಮೂವತ್ತಕ್ಕೆ ಡಯಾಬಿಟೀಸ್. ಹೆರಿಗೆ ಆದ ಮೇಲೆ ಸಕ್ಕರೆ ಇಳಿಯಿತು ಎಂದು ಯಾರೂ ಮತ್ತೆ ಪರೀಕ್ಷೆ ಮಾಡಿಸುವುದಿಲ್ಲ. ಮಗುವಿನ ಲಸಿಕೆ ತಪ್ಪದೆ ಹಾಕಿಸುವ ತಾಯಿ ತನ್ನ ರಕ್ತ ಕೊಡಲು ಹೋಗುವುದಿಲ್ಲ. ಹತ್ತು ಹದಿನೈದು ವರ್ಷ ಗೊತ್ತಿಲ್ಲದೆ ಸಕ್ಕರೆ ಏರಿಯೇ ಇದ್ದರೆ ಆ ಮಸೂರ ಐವತ್ತಕ್ಕೆ ಏನಾಗಿರುತ್ತದೆ? ಬಸುರಿನಲ್ಲಿ ಸಕ್ಕರೆ ಬಂದಿದ್ದವರು ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಲೇಬೇಕು. ಅಜ್ಜಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ಸೊಸೆಯೇ ಈ ಪರೀಕ್ಷೆ ಮರೆತಿರುತ್ತಾಳೆ. ಅವಳಿಗೂ ಯಾರಾದರೂ ಜ್ಞಾಪಿಸಬೇಕು.

ನೋವಿನ ಪುಡಿ, ಮುಖದ ಕ್ರೀಮು

ಸ್ಟಿರಾಯ್ಡ್ ಔಷಧಿಗಳು ಮಸೂರದ ಹಿಂಬದಿಯ ಪೊರೆಗೆ ಚೆನ್ನಾಗಿ ಗೊತ್ತಿರುವ ಕಾರಣ. ಈ ಬಗೆ ಬೇಗ ಬೆಳೆಯುತ್ತದೆ, ಓದುವಾಗ ಮತ್ತು ಜೋರು ಬೆಳಕಿನಲ್ಲಿ ಹೆಚ್ಚು ಕಾಡುತ್ತದೆ. ಕೀಲುಗಳು ಊದುವ ರುಮಟಾಯ್ಡ್ ಸಂಧಿವಾತ ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಅದಕ್ಕೆ ಡಾಕ್ಟರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಬರೆಯುತ್ತಾರೆ, ಹಲವು ಸಲ ಅದು ಬೇಕೇ ಬೇಕು. ಹಾಗೆ ಬರೆದವರಿಗೆ ಕಣ್ಣಿನ ವಿಷಯವೂ ಗೊತ್ತಿರುತ್ತದೆ, ಡೋಸು ಇಳಿಸುತ್ತಾ ಬರುತ್ತಾರೆ. ನನಗೆ ಹೆದರಿಕೆ ಬೇರೆ ಕಡೆ ಇದೆ. ಮಂಡಿನೋವಿಗೆ ಯಾರೋ ಪೊಟ್ಟಣ ಕಟ್ಟಿ ಕೊಡುವ ಪುಡಿ. ಅದರ ಮೇಲೆ ಹೆಸರಿಲ್ಲ, ಒಳಗೆ ಏನಿದೆ ಗೊತ್ತಿಲ್ಲ. ಎರಡು ದಿನಕ್ಕೆ ನೋವು ಮಾಯ, ಹಸಿವು ಜಾಸ್ತಿ, ಮುಖ ತುಂಬಿಕೊಂಡು ದುಂಡಗಾಗುತ್ತದೆ. "ಮೈ ತುಂಬ್ಕೊಂಡಿದ್ದಾರೆ" ಅಂತ ಮನೆಯವರಿಗೆ ಖುಷಿ. ಇಂಥ ಲೇಬಲ್ ಇಲ್ಲದ ಔಷಧಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ವರ್ಷಗಟ್ಟಲೆ ತಿಂದರೆ ಪೊರೆ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ), ಮೂಳೆ ಸವೆತ, ಸಕ್ಕರೆ ಎಲ್ಲವೂ ಒಟ್ಟಿಗೆ ಬರಬಹುದು.

ಕಣ್ಣು ಕೆಂಪಾಯಿತು ಎಂದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಡ್ರಾಪ್ಸು, ಬೆಳ್ಳಗಾಗಲು ಹಚ್ಚುವ ಕ್ರೀಮು, ಇವುಗಳಲ್ಲೂ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡೇ. ಆದರೆ ಇದನ್ನು ಓದಿದ ಕೂಡಲೇ ಅಮ್ಮನ ಮಾತ್ರೆ ನಿಲ್ಲಿಸಿಬಿಡಬೇಡಿ. ದಿನಾ ನುಂಗುತ್ತಿದ್ದ ಸ್ಟಿರಾಯ್ಡನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಮಾತ್ರೆ, ಪುಡಿ, ಡ್ರಾಪ್ಸ್, ಕ್ರೀಮು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದೆ ಇಡಿ.

ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವುದು ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಮಾಮೂಲಿ. ಸೇದಿದರೆ ಮಾತ್ರ ತಂಬಾಕು ಎನ್ನುವ ಭಾವನೆ ಇದೆ. ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಜಗಿಯುವವರಲ್ಲೂ ಪೊರೆ ಹೆಚ್ಚು ಕಂಡಿದೆ.

ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುವ ಹಿರಿಯರಲ್ಲಿ ಪೊರೆ ಹೆಚ್ಚು ಎಂದು ಭಾರತದಲ್ಲೇ ನಡೆದ ಅಧ್ಯಯನ ತೋರಿಸಿದೆ. ಎಲ್ಲರಿಗೂ ಬಡಿಸಿ, ಉಳಿದದ್ದು ಉಣ್ಣುವ ಹೆಂಗಸಿನ ತಟ್ಟೆಗೆ ಸೊಪ್ಪು, ಹಣ್ಣು ಬರುವುದು ಕಡಿಮೆ. ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆ, ಸೊಪ್ಪು ಇದ್ದರೆ ಸಾಕು. ಕಣ್ಣಿಗೆಂದು ಮಾರುವ ದುಬಾರಿ ವಿಟಮಿನ್ ಮಾತ್ರೆ ಬೇಡ. ಅಮೆರಿಕದಲ್ಲಿ ಸಾವಿರಾರು ಜನರ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಅಂಥ ಮಾತ್ರೆಯಿಂದ ಪೊರೆ ತಡೆಯಲು ಆಗಲಿಲ್ಲ.

ಗೊತ್ತಾಗುವುದು ಹೇಗೆ

ಪೊರೆ ನೋಯುವುದಿಲ್ಲ, ಕೆಂಪಾಗುವುದಿಲ್ಲ. ಅದಕ್ಕೇ ತಡವಾಗುತ್ತದೆ. ರಾತ್ರಿ ಎದುರಿನ ಗಾಡಿಯ ದೀಪ ಚದುರಿದಂತೆ ಕಾಣುವುದು, ಬಣ್ಣ ಮಾಸಲಾಗುವುದು, ಮೆಟ್ಟಿಲಿನ ಅಂಚು ಸಿಗದಿರುವುದು ಮೊದಲ ಸೂಚನೆಗಳು. ಕನ್ನಡಕ ಪದೇ ಪದೇ ಬದಲಾಗುತ್ತಿದ್ದರೂ ಅನುಮಾನ ಪಡಿ.

ಒಂದು ಸೂಚನೆ ಮಾತ್ರ ಸಂತೋಷದ ವೇಷದಲ್ಲಿ ಬರುತ್ತದೆ. "ನೋಡು, ಕನ್ನಡಕ ಇಲ್ದೆನೇ ಅಕ್ಕಿ ಆರಿಸ್ತಾವ್ನಿ" ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಾರೆ. ಹತ್ತು ವರ್ಷದಿಂದ ಓದುವ ಕನ್ನಡಕ ಬೇಕಿತ್ತು, ಈಗ ಬೇಡ. ಮಸೂರದ ನಡುಭಾಗ ಗಟ್ಟಿಯಾಗುತ್ತಾ ಹೋದಾಗ ಅದರ ಪವರ್ ಏರಿ, ಹತ್ತಿರದ್ದು ಕೆಲವು ಕಾಲ ಸ್ಪಷ್ಟವಾಗಿ ಕಾಣುತ್ತದೆ. ದೂರದ್ದು ಅದೇ ಹೊತ್ತಿಗೆ ಮಸುಕಾಗುತ್ತಿರುತ್ತದೆ. ಮನೆಯೊಳಗೇ ಇರುವ ಅಜ್ಜಿಗೆ ದೂರದ್ದು ಗಮನಕ್ಕೆ ಬರುವುದಿಲ್ಲ. ಇದು ಕಣ್ಣು ಸುಧಾರಿಸಿದ್ದಲ್ಲ, ಪೊರೆಯ ಗುರುತು.

ಕಾಯುವುದರಿಂದ ಆಗುವ ಅಪಾಯ

"ಇನ್ನೂ ಬಲಿತಿಲ್ಲ, ಬಲಿಯಲಿ" ಎಂದು ಕಾಯುವುದು ಒಂದು ಕಾಲಕ್ಕೆ ಸರಿಯಾಗಿತ್ತು. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಆಮೇಲೆ ದಪ್ಪ ಗಾಜಿನ ಕನ್ನಡಕ. ಆಗ ಬಲಿತ ಪೊರೆ ತೆಗೆಯುವುದೇ ಸುಲಭ. ಈಗಿನ ಹಿರಿಯರ ಭಯವೆಲ್ಲ ಆ ಕಾಲದ್ದು. 1990ರ ದಶಕದಿಂದ ನಮ್ಮಲ್ಲಿ ಕಣ್ಣಿನ ಒಳಗೇ ಕೃತಕ ಮಸೂರ ಇಡುವುದು ಸಾಮಾನ್ಯವಾಯಿತು. ಈಗ ಮಂಜಾದ ಮಸೂರವನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಎರಡು ಮೂರು ಮಿಲಿಮೀಟರ್ ಗಾಯ ಸಾಕು. ಹೊಲಿಗೆ ಬೇಕಾಗದ ಇನ್ನೊಂದು ವಿಧಾನವೂ ಇದೆ, ಬಲಿತ ಪೊರೆಗೆ ಅದನ್ನು ಹೆಚ್ಚು ಬಳಸುತ್ತಾರೆ, ದೃಷ್ಟಿ ಅದರಲ್ಲೂ ಚೆನ್ನಾಗಿ ಬರುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಆಪರೇಷನ್ ಯಾವಾಗ ಎಂದರೆ, ಪೊರೆ ದಿನದ ಕೆಲಸಕ್ಕೆ ಅಡ್ಡಿ ಮಾಡಿದಾಗ. ಬೇಸಿಗೆ, ಆಷಾಢ ಎಂದು ಮುಂದೂಡಲು ವೈದ್ಯಕೀಯ ಕಾರಣ ಯಾವುದೂ ಇಲ್ಲ.

ತೀರಾ ಬಲಿಯಲು ಬಿಟ್ಟರೆ ಹೆಂಗಸರಿಗೆ ಒಂದು ಹೆಚ್ಚಿನ ಅಪಾಯವಿದೆ, ಇದನ್ನು ಮನೆಯವರೆಲ್ಲ ತಿಳಿದಿರಲಿ ಎಂದು ನನ್ನ ಆಸೆ. ಹೆಂಗಸರ ಕಣ್ಣುಗುಡ್ಡೆ ಸರಾಸರಿ ಸ್ವಲ್ಪ ಚಿಕ್ಕದು, ಮುಂಭಾಗದ ಜಾಗ ಇಕ್ಕಟ್ಟು. ಪೊರೆ ಬಂದ ಮಸೂರ ಊದಿ ಮುಂದಕ್ಕೆ ಒತ್ತಿದರೆ ಕಣ್ಣಿನ ಒಳನೀರು ಹರಿದುಹೋಗುವ ದಾರಿ ಮುಚ್ಚುತ್ತದೆ. ಒತ್ತಡ ಒಮ್ಮೆಲೇ ಏರುತ್ತದೆ. ಕಣ್ಣು ಕೆಂಪು, ತಡೆಯಲಾಗದ ನೋವು, ಅದೇ ಬದಿಯ ತಲೆನೋವು, ವಾಂತಿ. ವಾಂತಿ, ತಲೆನೋವು ಅಂದರೆ ನಮ್ಮಲ್ಲಿ "ಪಿತ್ತ" ಎಂದು ನಿಂಬೆಹಣ್ಣಿನ ಪಾನಕ ಕೊಟ್ಟು ಮಲಗಿಸುತ್ತಾರೆ. ಒಂದೆರಡು ದಿನ ಹೀಗೆ ಹೋದರೆ ಕಣ್ಣಿನ ನರ ಸತ್ತುಹೋಗಬಹುದು. ಪೊರೆ ತೆಗೆದರೂ ಆ ದೃಷ್ಟಿ ಬರುವುದಿಲ್ಲ. ಹಿರಿಯ ಹೆಂಗಸಿಗೆ ವಾಂತಿಯ ಜೊತೆ ಒಂದು ಕಣ್ಣು ಕೆಂಪಾಗಿದ್ದರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಗಿಡದ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ, ಸೋಂಕಾಗಿ ಕಪ್ಪುಗುಡ್ಡೆಯೇ ಹುಣ್ಣಾಗುತ್ತದೆ.

ಬೀಳುವುದು ಇನ್ನೊಂದು ಅಪಾಯ. ಮುಟ್ಟು ನಿಂತ ಮೇಲೆ ಮೂಳೆ ಸವೆದಿರುತ್ತದೆ, ಅದರ ಮೇಲೆ ಕಣ್ಣೂ ಮಂಜು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಏಳುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 70 ದಾಟಿದ 306 ಹೆಂಗಸರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಕಣ್ಣಿನ ಆಪರೇಷನ್ ಬೇಗ ಆದವರು ಬೀಳುವುದು, ಕಾಯುತ್ತಿದ್ದವರಿಗಿಂತ 34% ಕಡಿಮೆ ಇತ್ತು.

ಹಾಗಿದ್ದೂ ಯಾಕೆ ತಡ? ಅಪ್ಪನ ಕಣ್ಣಿಗೆ ಮೊದಲು, ಅವ್ವನ ಕಣ್ಣಿಗೆ ಆಮೇಲೆ. ಅವ್ವ ತಾನೇ "ನಂಗೇನು, ಮನೇಲೇ ಇರ್ತೀನಿ" ಎನ್ನುತ್ತಾರೆ. ಮಗಳ ಬಾಣಂತನ, ಕಬ್ಬಿನ ಕಟಾವು, ಹಬ್ಬ, ಎಲ್ಲ ಮುಗಿಯಲಿ ಎಂದು ಕಾಯುತ್ತಾರೆ. ಕರೆದುಕೊಂಡು ಹೋಗುವವರಿಲ್ಲ ಎನ್ನುವುದು ಹೆಚ್ಚಿನವರಿಗೆ ನಿಜವಾದ ತೊಡಕು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಮಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ, ಅದರಡಿ ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಮಗನಿಗೆ ರಜೆ ಸಿಗುವವರೆಗೆ ಕಾಯುವ ಬದಲು ಪಕ್ಕದ ಮನೆಯ ಅಕ್ಕನನ್ನೋ ಮೊಮ್ಮಗಳನ್ನೋ ಜೊತೆ ಮಾಡಿಕೊಂಡು ಹೊರಡಬಹುದು. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಆ ಔಷಧಿಯ ಚೀಲ ಜೊತೆಗಿರಲಿ.

ಡಾಕ್ಟರಿಗೆ ಅವ್ವನ ಕಥೆ ಹೇಳಿ. ಒಲೆ, ಗದ್ದೆ, ಬಸುರಿನ ಸಕ್ಕರೆ, ಗರ್ಭಕೋಶದ ಆಪರೇಷನ್, ನೋವಿನ ಪುಡಿ, ಕಣ್ಣಿಗೆ ಹಿಂದೆ ಬಿದ್ದ ಪೆಟ್ಟು. ಪೊರೆಯ ಹಿಂದೆ, ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರವಾದ ಅಕ್ಷಿಪಟಲಕ್ಕೆ ಸಕ್ಕರೆಯಿಂದ ತೊಂದರೆಯಾಗಿದೆಯೇ ಎಂದೂ ಅವರು ನೋಡಬೇಕಾಗುತ್ತದೆ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಡ್ರಾಪ್ಸ್ ತಪ್ಪಿಸಬಾರದು, ಕಣ್ಣಿಗೆ ನೀರು, ಹೊಗೆ ತಾಗಬಾರದು. ಮೂರನೇ ದಿನಕ್ಕೇ ಹಂಡೆ ಒಲೆ ಮುಂದೆ ಕೂರುವ ಹೆಂಗಸರೇ ಹೆಚ್ಚು, ಆ ವಾರಗಳಲ್ಲಿ ಆ ಕೆಲಸ ಮನೆಯ ಬೇರೆಯವರು ಮಾಡಬೇಕು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ ಗಾಬರಿ ಬೇಡ. ಕೃತಕ ಮಸೂರದ ಹಿಂದಿನ ತೆಳು ಪದರ ಮಸುಕಾಗಿರುತ್ತದೆ, ಅದನ್ನು ಲೇಸರಿನಿಂದ ಕೆಲವೇ ನಿಮಿಷದಲ್ಲಿ ತೆರೆಯುತ್ತಾರೆ. ಇನ್ನು ಎರಡನೇ ಕಣ್ಣು. ಒಂದು ಕಾಣುತ್ತಿದೆಯಲ್ಲ ಎಂದು ಅಲ್ಲಿಗೇ ಬಿಟ್ಟರೆ ಮೆಟ್ಟಿಲಿನ ಆಳ, ಬಸ್ಸಿನ ದೂರ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ. ಮೊದಲ ಕಣ್ಣಿನ ಕೊನೆಯ ತಪಾಸಣೆಗೆ ಹೋದ ದಿನವೇ ಎರಡನೆಯದಕ್ಕೆ ತಾರೀಕು ಕೇಳಿಕೊಂಡು ಬನ್ನಿ.